ಮೂಲ ಒಂದೇ ಆದ್ರೆ ಹೆಸರೂ ಒಂದೇನಾ?

‘ಸಂಸ್ಕೃತ ಮೂಲ ಒಂದೇ ಆಗಿದ್ದರೆ ದಾಖಲೆಗಳಲ್ಲಿ ಅದನ್ನು ಒಂದೇ ಹೆಸರೆಂದು ಹಿಡಿಯಬಹುದು’ ಅಂತ, ದಾಖಲೆಗಳಲ್ಲಿನ ಹೆಸರುಗಳನ್ನು ತಾಳೆ ನೋಡುವ ಬಗೆಗಿನ ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ಇದನ್ನು ಒಪ್ಪೋದು ಕಷ್ಟ. ಯಶವಂತ ಉತ್ತರದ ಕಡೆ ಜಸವಂತ ಆಗುತ್ತಾನೆ, ಸರಿ. ಆದರೆ ವಾಜಪೇಯಿ ಸಂಪುಟ ನೆನಪಿದೆಯಾ? 2002ರಲ್ಲಿ ಯಶವಂತ್ ಸಿನ್ಹಾ ಹಣಕಾಸು ಬಿಟ್ಟು ವಿದೇಶಾಂಗಕ್ಕೆ ಹೋದರು, ಜಸವಂತ್ ಸಿಂಗ್ ವಿದೇಶಾಂಗದಿಂದ ಹಣಕಾಸಿಗೆ ಬಂದರು. ಲೇಖಕರ ಲೆಕ್ಕದಲ್ಲಿ ಖಾತೆ ಬದಲಾಗಲೇ ಇಲ್ಲ!

ಬಂಗಾಳದ ಬಿಶ್ವಜಿತ್, ನಮ್ಮ ವಿಶ್ವಜಿತ್ ವಿಷಯ ಬೇರೆ. ಅಲ್ಲಿ ‘ವ’ ‘ಬ’ ಆಗುವುದು ನಾಲಿಗೆಯ ರೂಢಿ, ಅಷ್ಟೇ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಅದಕ್ಕೇ ಗಣೇಶನನ್ನು ‘ಕಣೇಶ’ ಅಂತ ಓದಿಕೊಂಡು ಬೇರೆಯವನು ಅಂದರೆ ನಗು ಬರುತ್ತದೆ. ಇಂಥವನ್ನು ಧಾರಾಳವಾಗಿ ಸೇರಿಸಿ, ತಕರಾರಿಲ್ಲ.

ಆದರೆ ಲಕ್ಕಮ್ಮ, ಲಕ್ಷ್ಮಮ್ಮ? ನಮ್ಮೂರಿನ ಒಂದು ಮನೆಯಲ್ಲಿ ಅತ್ತೆ ಲಕ್ಕಮ್ಮ, ಸೊಸೆ ಲಕ್ಷ್ಮಮ್ಮ. ಮೂಲವೂ ಒಂದೇ, ವಿಳಾಸವೂ ಒಂದೇ. ವಿಧವಾ ಪಿಂಚಣಿ ಯಾರಿಗೆ ಬರಬೇಕು, ಹೇಳಿ ನೋಡೋಣ. ಹುಟ್ಟಿದ ವರ್ಷ, ಅಪ್ಪ ಅಥವಾ ಗಂಡನ ಹೆಸರು ತಾಳೆ ನೋಡದೆ ಸುಮ್ನೆ ಇಬ್ಬರನ್ನು ಒಬ್ಬರು ಮಾಡೋದು ಯಾವ ನ್ಯಾಯ?