ಮನೆ ನೋಡೋಕೆ ಮಂಗಳವಾರ ಮಧ್ಯಾಹ್ನ ಹೋಗಿ

ಮೈಸೂರಲ್ಲಿ ಬಾಡಿಗೆ ಮನೆ ತೋರಿಸೋದು ಭಾನುವಾರ ಬೆಳಗ್ಗೆ, ಇಲ್ಲಾ ಸಂಜೆ ಆರರ ಮೇಲೆ. ಬ್ರೋಕರ್‌ಗೂ ಅನುಕೂಲ, ಓನರ್‌ಗೂ ಅನುಕೂಲ. ಆಫೀಸಿಗೆ ಹೋಗೋರಿಗೆ ಅದು ಸರಿನೇ, ಅವರು ಮನೇಲಿರೋದೇ ಆ ಹೊತ್ತಲ್ಲಿ. ಆದರೆ ನಮ್ಮಂಥ, ಹಗಲೆಲ್ಲ ಲ್ಯಾಪ್‌ಟಾಪ್ ಮುಂದೆ ಮನೇಲೇ ಕೂರೋರು ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಆ ಬೀದಿ ಹೇಗಿರುತ್ತೆ ಅಂತ ನೋಡಬೇಕು. ನಾನು ನೋಡದೆ ಅಡ್ವಾನ್ಸ್ ಕೊಟ್ಟೆ. ಅಗ್ರಿಮೆಂಟಿನ ಹನ್ನೊಂದು ತಿಂಗಳೂ ಅನುಭವಿಸಿದೆ.

ಆ ಮನೆ ಇದ್ದದ್ದು ರಿಂಗ್ ರೋಡ್ ಆಚೆ, ಒಂದು ಖಾಸಗಿ ಬಡಾವಣೆಯಲ್ಲಿ. ಹೊಸ ಮನೆ, ಬಾಲ್ಕನಿಗೆ ಬಂದರೆ ಚಾಮುಂಡಿ ಬೆಟ್ಟ. "ತುಂಬಾ ಪೀಸ್‌ಫುಲ್ ಏರಿಯಾ ಸಾರ್" ಅಂದಿದ್ದ ಬ್ರೋಕರ್. ಪಾಪ, ಸುಳ್ಳೇನೂ ಹೇಳಿರಲಿಲ್ಲ. ಎಂಟೂವರೆಗೆ ಎಲ್ಲರ ಮನೆ ಗೇಟೂ ಬೀಗ. ಆಮೇಲೆ ಸಂಜೆ ಏಳರವರೆಗೆ ನಾನು, ನಾಲ್ಕು ನಾಯಿ, ಖಾಲಿ ಸೈಟುಗಳ ತುಂಬ ಎದೆಮಟ್ಟ ಬೆಳೆದ ಕಾಂಗ್ರೆಸ್ ಗಿಡ. ಒಂದು ಕಟ್ಟು ಕೊತ್ತಂಬರಿ ಬೇಕಂದ್ರೂ ಸ್ಕೂಟರ್ ಕೀಲಿಕೈ ಹುಡುಕಬೇಕು. ಬೋರ್‌ವೆಲ್ ನೀರಿಗೆ ತಿಂಗಳೊಳಗೆ ಹಿಟ್ಟು ಬಳಿದ ಹಾಗೆ ಬೆಳ್ಳಗಾದ ನಲ್ಲಿಗಳ ಕಥೆ ಬೇಡ ಬಿಡಿ.

ಇಂಟರ್‌ನೆಟ್ ವಿಷಯ ಮಾತ್ರ ಹೇಳಲೇಬೇಕು, ಎಲ್ಲರೂ ಎಡವೋದು ಇಲ್ಲೇ. "100 ಎಂಬಿಪಿಎಸ್ ಬರುತ್ತಾ?" ಅಂತ ಕೇಳ್ತೀವಿ. ಬರುತ್ತೆ, ಕರೆಂಟ್ ಇರೋ ತನಕ. ನಮ್ಮನೇಲಿ ಯುಪಿಎಸ್ ಇತ್ತು, ರೂಟರ್ ಲೈಟು ಮಿನುಗ್ತಾನೇ ಇರೋದು, ನೆಟ್ ಮಾತ್ರ ಸತ್ತಿರೋದು. ಯಾಕೆ ಅಂದ್ರೆ ನಮ್ಮ ಕೇಬಲ್‌ನವನ ಲೈನು ಬೀದಿ ಕೊನೆಯ ಕಂಬದ ಮೇಲಿನ ಒಂದು ಡಬ್ಬಕ್ಕೆ ಬಂದು ಅಲ್ಲಿಂದ ಮನೆಮನೆಗೆ ಹೋಗೋದು, ಆ ಡಬ್ಬಕ್ಕೂ ಕರೆಂಟ್ ಬೇಕು. ಫೈಬರ್ ನೇರ ಮನೆಯೊಳಗಿನ ಪೆಟ್ಟಿಗೆವರೆಗೂ ಬಂದಿದ್ದರೆ ಸಾಮಾನ್ಯವಾಗಿ ಈ ತಾಪತ್ರಯ ಇರಲ್ಲ. ಹಾಗಾಗಿ ಸ್ಪೀಡ್ ಆಮೇಲೆ ಕೇಳಿ. "ಕರೆಂಟ್ ಹೋದಾಗ ನೆಟ್ ಇರುತ್ತಾ?" ಅಂತ ಮೊದಲು ಕೇಳಿ. ಅದನ್ನೂ ಓನರ್ ಹತ್ರ ಅಲ್ಲ, ಪಕ್ಕದ ಮನೆಯವರ ಹತ್ರ.

ಎರಡನೇ ಸಲ ಬುದ್ಧಿ ಬಂದಿತ್ತು. ರಜೆ ಹಾಕಿ ಕೆಲಸದ ದಿನಾನೇ ಸುತ್ತಿದೆ. ಗೋಕುಲಂ ಚೆಂದ, ಆದರೆ ಪಟ್ಟಾಭಿ ಜೋಯಿಸರ ಯೋಗಶಾಲೆ ಅಲ್ಲಿಗೆ ಬಂದಾಗಿಂದ ವಿದೇಶಿಯರ ಸೀಸನ್ ನೋಡ್ಕೊಂಡು ಬಾಡಿಗೆ ಹೇಳೋ ಓನರ್‌ಗಳೂ ಇದ್ದಾರೆ. ಹೈವೇಗೆ ಹತ್ರ ಅಂತ ಹೆಬ್ಬಾಳದ ಕಡೆ ನೋಡು ಅಂದ್ರು ಫ್ರೆಂಡ್ಸ್. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಈ ಮಾತು ಜಾಸ್ತಿ. ನಾನು ಬೆಂಗಳೂರಿಗೆ ಹೋಗೋದು ತಿಂಗಳಿಗೊಂದು ದಿನ, ಅದೊಂದು ದಿನಕ್ಕೋಸ್ಕರ ಉಳಿದ 29 ದಿನ ಹೈವೇ ಪಕ್ಕ ಕೂರಲಾ? ಸರಸ್ವತಿಪುರಂ ಮೇಲೆ ನಿಜಕ್ಕೂ ಮನಸ್ಸಾಗಿತ್ತು. ಐದು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ ನಡೆದು ಹೊರಟರೆ ಕುಕ್ಕರಹಳ್ಳಿ ಕೆರೆ ಏರಿ. ನಮ್ಮ ಬಜೆಟ್‌ಗೆ ಮನೆ ಸಿಗಲಿಲ್ಲ ಅಷ್ಟೆ.

ಸಿಕ್ಕಿದ್ದು ಕೃಷ್ಣಮೂರ್ತಿಪುರಂನಲ್ಲಿ, ಹಳೇ ಮನೆಯ ಒಂದು ಪೋರ್ಷನ್. ಹಿಂದಿನ ಬಾಗಿಲು ತೆಗೆದರೆ ಕನ್ಸರ್ವೆನ್ಸಿ. ಮೈಸೂರಿನವರಿಗೆ ಹೇಳಬೇಕಾಗಿಲ್ಲ, ಹೊರಗಿಂದ ಬಂದವರಿಗೆ: ಎರಡು ಸಾಲು ಮನೆಗಳ ಬೆನ್ನ ನಡುವಿನ ಓಣಿ ಅದು. ಪ್ಲೇಗ್ ಬಂದು ಊರು ತತ್ತರಿಸಿದ ಮೇಲೆ, 1903ರಲ್ಲಿ, ನಗರ ಸುಧಾರಣೆಗೆ ಅಂತಲೇ ಇಲ್ಲಿ ಒಂದು ಟ್ರಸ್ಟ್ ಬೋರ್ಡ್ ಆಯಿತು. ಇಕ್ಕಟ್ಟಾದ ಕೇರಿಗಳ ಬದಲು ಗಾಳಿ ಬೆಳಕು ಬರೋ ಹೊಸ ಬಡಾವಣೆಗಳು ಎದ್ದವು. ಮಲ ಹೊರಿಸುತ್ತಿದ್ದ ಆ ಅಮಾನುಷ ಕಾಲದಲ್ಲಿ ಅದನ್ನ ಹಿಂಬದಿಯಿಂದ ಸಾಗಿಸೋಕೆ ಬಿಟ್ಟಿದ್ದ ಓಣಿ ಇದು. ಅದರಿಂದಾಗಿ ಇವತ್ತು ನನ್ನ ಕೋಣೆಗೆ ಎರಡೂ ಕಡೆಯಿಂದ ಗಾಳಿ. ಹೆಗ್ಗಣಗಳೂ ಅದೇ ದಾರೀಲಿ ಬರ್ತವೆ, ಮುಚ್ಚಿಡಲ್ಲ.

ಗೋಡೆ ಒಂದೂವರೆ ಅಡಿ ದಪ್ಪ. ಬೇಸಿಗೇಲೂ ಒಳಗೆ ತಂಪು, ಆದರೆ ಹಾಲ್‌ನ ವೈಫೈ ಪಕ್ಕದ ರೂಮಿಗೆ ಬರಲ್ಲ. ಕೇಬಲ್ ಹುಡುಗ ಡ್ರಿಲ್ಲಿಂಗ್ ಮಷೀನ್ ಹಿಡ್ಕೊಂಡು ಅರ್ಧ ಗಂಟೆ ಕೊರೆದ. ಮಣ್ಣು ಉದುರ್ತಾನೇ ಇತ್ತು, ತುದಿ ಆಚೆ ಕಾಣ್ತಿರಲಿಲ್ಲ. ಓನರ್ ಅಜ್ಜಿ ಬಾಗಿಲಲ್ಲಿ ನಿಂತು, "ನಿಧಾನವಪ್ಪ, ನಮ್ಮ ಮಾವನೋರು ಕಟ್ಸಿದ್ದು" ಅಂತಿದ್ರು.

ಅದೇ ಅಜ್ಜಿ ಎರಡನೇ ವಾರ ತಡೆಯಲಾರದೆ ಕೇಳೇಬಿಟ್ರು: "ತಪ್ಪು ತಿಳ್ಕೋಬೇಡ ಕಣಪ್ಪ, ನೀನು ಕೆಲಸಕ್ಕೆ ಹೋಗಲ್ವಾ?"

"ಮನೆಯಿಂದಲೇ ಕೆಲಸ ಅಜ್ಜಿ."

"ಹಾಗಂತ ನಮ್ಮ ಅಳಿಯನೂ ಎರಡು ವರ್ಷ ಹೇಳ್ತಿದ್ದ."

ಇಲ್ಲಿ ಹಗಲು ಹೊತ್ತು ಜನ ಇದ್ದಾರೆ, ನಾನು ಬಂದದ್ದೇ ಅದಕ್ಕೆ. ಹನ್ನೊಂದಕ್ಕೆ ಸೊಪ್ಪಿನ ಗಾಡಿ. ಎರಡಕ್ಕೆ ಎದುರುಮನೆ ಜಗಲಿ ಮೇಲೆ ರಿಟೈರ್ಡ್ ಮೇಷ್ಟ್ರು ಪೇಪರ್ ಹಿಡಿದೇ ತೂಕಡಿಸ್ತಿರ್ತಾರೆ. ಚಾಮರಾಜನಗರದ ಕಡೆಯ ರೈಲು ಕೂಗಿದ್ದು ಚಾಮರಾಜಪುರಂ ಸ್ಟೇಷನ್ ಕಡೆಯಿಂದ ಮೀಟಿಂಗಲ್ಲೂ ಕೇಳುತ್ತೆ. ಪುಣೆಯ ಸಹೋದ್ಯೋಗಿ ಒಬ್ಬರು ನಾನು ಪ್ಲಾಟ್‌ಫಾರ್ಮ್ ಮೇಲೆ ಕೂತು ಕೆಲಸ ಮಾಡ್ತೀನಿ ಅಂತಲೇ ನಂಬಿದ್ದಾರೆ.

ಕಾರ್ ಇದ್ದೋರಿಗೆ ಈ ಕಡೆ ಕಷ್ಟ, ನಿಲ್ಲಿಸೋಕೆ ಜಾಗ ಇಲ್ಲ. ಪಕ್ಕದ ಹಳೇ ಮನೆ ಕೆಡವಿ ಪಿಜಿ ಕಟ್ತಾರಂತೆ, ಅದು ಶುರುವಾದ ದಿನ ನನ್ನ ಈ ಹೊಗಳಿಕೆ ಎಷ್ಟು ಉಳಿಯುತ್ತೋ. ಪುಟ್ಟ ಮಕ್ಕಳಿರೋರಿಗೆ ಲೆಕ್ಕ ಬೇರೇನೇ, ನನಗೆ ಆ ಅನುಭವ ಇಲ್ಲ.

ಈಗ ತಮ್ಮನೂ ಬೆಂಗಳೂರು ಬಿಟ್ಟು ಬರ್ತಿದ್ದಾನೆ, ಅವನದೂ ಮನೇಲೇ ಕೆಲಸ. ಕನ್ನೇಗೌಡನ ಕೊಪ್ಪಲಲ್ಲಿ ಒಂದು ಮನೆ ಇದೆಯಂತೆ, ಬ್ರೋಕರ್ ಭಾನುವಾರ ಬನ್ನಿ ಅಂತಿದ್ದಾನೆ. ಅಲ್ಲೇ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಬೀದಿ ಹೇಗಿರುತ್ತೆ, ಕರೆಂಟ್ ಹೋದಾಗ ನೆಟ್ ಇರುತ್ತಾ, ಸ್ವಲ್ಪ ಹೇಳಿ.