ಮಳೆ ಪುಸ್ತಕದ ಅಂಚಿನಲ್ಲಿ ಪೆಗ್ಗಿನ ಲೆಕ್ಕ

ಮೊನ್ನೆ ಕೊಡಗಿನ ಸುಂಟಿಕೊಪ್ಪ ಸಂತೆಯಲ್ಲಿ ಒಬ್ಬ ಹುಡುಗ ಸಿಕ್ಕಿದ. ಹುಡುಗ ಅಂದರೆ 32 ವರ್ಷ, ಇಬ್ಬರು ಮಕ್ಕಳ ಅಪ್ಪ. ನನಗೆ ಹುಡುಗನೇ. ಕುಡಿತ ಬಿಟ್ಟು 13 ತಿಂಗಳಾಗಿದೆ. ಮುಖದ ಊತ ಇಳಿದು ಕಳೆ ಬಂದಿದೆ. ಹಸಿಮೆಣಸು ಆರಿಸುತ್ತಿದ್ದ ನನ್ನ ಪಕ್ಕ ಬಂದು ಕೂತು, ತಾನೂ ಒಂದೊಂದೇ ಮೆಣಸು ಎತ್ತಿ ನೋಡುತ್ತಾ ಮೆಲ್ಲಗೆ ಕೇಳಿದ. "ಅಣ್ಣ, ಪುತ್ತರಿಗೆ ಎರಡೇ ಎರಡು ಪೆಗ್ ತಗೊಂಡ್ರೆ ಏನಾಗುತ್ತೆ? ಒಂದು ವರ್ಷ ಬಿಟ್ಟು ತೋರಿಸಿದ್ದೀನಲ್ಲ. ಈಗ ಕಂಟ್ರೋಲ್ ಇದೆ."

ಪುತ್ತರಿ ಅಂದರೆ ನಮ್ಮ ಸುಗ್ಗಿ ಹಬ್ಬ, ನವೆಂಬರ್ ಕೊನೆಗೋ ಡಿಸೆಂಬರಲ್ಲೋ ಬರುತ್ತದೆ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. 2015ರಲ್ಲಿ ನಾನೂ ಇದೇ ಪ್ರಶ್ನೆ ಕೇಳಿದ್ದೆ. ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ. ನಾನು ಕುಡಿಯುತ್ತಿದ್ದೆ ಅಂತ ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಉಳಿದವರಿಗೆ ಈಗ ಗೊತ್ತಾಯಿತು.

ನಮ್ಮ ಮನೆಯಲ್ಲಿ ಒಂದು ಮಳೆ ಪುಸ್ತಕ ಇದೆ. ತೋಟದ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹೊರಗಿನವರಿಗೆ ಹೇಳುತ್ತೇನೆ. ಅಂಗಳದ ಅಂಚಿನಲ್ಲಿ ಮಳೆ ಅಳೆಯುವ ಡಬ್ಬಿ ಇರುತ್ತದೆ. ಬೆಳಿಗ್ಗೆ ಎದ್ದು ಅದರ ನೀರನ್ನು ಗಾಜಿನ ಅಳತೆಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟು ಅಂತ ಬರೆದಿಡುತ್ತೇವೆ. ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ಬಂತಾ, 40 ಸೆಂಟಿಗೇ ನಿಂತುಬಿಟ್ಟಿತಾ ಅನ್ನುವುದರ ಮೇಲೆ ಮುಂದಿನ ರೊಬಸ್ಟಾ ಕಾಫಿ ಫಸಲು ನಿಂತಿರುತ್ತದೆ. ಅಪ್ಪ 1974ರಿಂದ ಬರೆದರು. ಅವರು ಹೋದ ಮೇಲೆ ನಾನು.

2012ರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಕುಡಿತ ಬಿಟ್ಟಿದ್ದೆ. ಮೂರು ವರ್ಷ ಒಂದು ಹನಿ ಮುಟ್ಟಲಿಲ್ಲ. ಆಮೇಲೆ ತಲೆಗೆ ಬಂತು: ಮೂರು ವರ್ಷ ಬಿಟ್ಟವನಿಗೆ ಅಳತೆ ಮಾಡಿ ಕುಡಿಯುವುದು ಯಾವ ದೊಡ್ಡ ಕೆಲಸ? ಮಡಿಕೇರಿಗೆ ಹೋಗಿ ಸ್ಟೀಲಿನ ಪೆಗ್ ಮೆಷರ್ ತಂದೆ. ಒಂದು ಬದಿ 30 ಎಂಎಲ್, ತಿರುಗಿಸಿದರೆ 60. ನಿಯಮಗಳನ್ನೂ ಮಾಡಿಕೊಂಡೆ. ಶನಿವಾರ, ಭಾನುವಾರ ಮಾತ್ರ. ದಿನಕ್ಕೆ 30 ಎಂಎಲ್‌ನ ಎರಡು ಸ್ಮಾಲ್. ರಾತ್ರಿ ಎಂಟರ ಮೊದಲು ಇಲ್ಲ. ಒಬ್ಬನೇ ಕೂರುವಂತಿಲ್ಲ. ಲೆಕ್ಕ ಇಡೋಕೆ ಬೇರೆ ಪುಸ್ತಕ ಯಾಕೆ ಅಂತ ಮಳೆ ಪುಸ್ತಕದ ಅಂಚಿನಲ್ಲೇ ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಒಂದು ಪೆಗ್ಗಿಗೆ ಒಂದು ಗೀಟು.

ಫೆಬ್ರವರಿ, ಮಾರ್ಚ್, ಏಪ್ರಿಲ್. ಗೀಟುಗಳು ಚಂದವಾಗಿ ಎರಡೆರಡೇ ನಿಂತಿವೆ. ರ‍್ಯಾಂಕ್ ಬಂದ ಹುಡುಗ ಮಾರ್ಕ್ಸ್ ಕಾರ್ಡ್ ತೋರಿಸುವ ಹಾಗೆ ಹೆಂಡತಿಗೆ ತೋರಿಸಿದ್ದೆ. ಅವಳು ನೋಡಿದಳು, ಏನೂ ಹೇಳಲಿಲ್ಲ.

ಪುಸ್ತಕದಲ್ಲಿ ಬರೆಯದೇ ಇದ್ದದ್ದು ಬೇರೆ. ಬುಧವಾರದಿಂದಲೇ ಶನಿವಾರದ ಯೋಚನೆ ಶುರುವಾಗುತ್ತಿತ್ತು. ತೋಟದಲ್ಲಿ ಕಪಾತು ಮಾಡಿಸುತ್ತಾ ನಿಂತಿದ್ದರೂ ತಲೆಯೊಳಗೆ ಅದೇ. ಮಂಗಳವಾರ ಮದುವೆ ಬಿದ್ದರೆ, ಶನಿವಾರದ ಒಂದನ್ನು ಇಲ್ಲಿಗೆ ತಂದುಕೊಳ್ಳಬಹುದಾ ಅಂತ ನನಗೆ ನಾನೇ ಸಾಲ ಕೊಡುತ್ತಿದ್ದೆ. ಮೊದಲನೇ ಪೆಗ್ ಕುಡಿಯುವಾಗ ಎರಡನೆಯದರ ಧ್ಯಾನ. ಎರಡನೆಯದು ಕುಡಿಯುವಾಗ ಅದು ಮುಗಿಯುತ್ತಿದೆಯಲ್ಲ ಅನ್ನುವ ಸಂಕಟ. ಬಿಟ್ಟಿದ್ದ ಮೂರು ವರ್ಷದಲ್ಲಿ ಕುಡಿತದ ಬಗ್ಗೆ ನಾನು ಎಷ್ಟು ಯೋಚಿಸಿದ್ದೆನೋ, ಆ ಮೂರೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಯೋಚಿಸಿದೆ.

ಜೂನಲ್ಲಿ ಮಳೆ ಹಿಡಿಯಿತು. ಗೊತ್ತಲ್ವಾ ನಮ್ಮ ಜೂನ್. ಕರೆಂಟಿಲ್ಲ, ಮನೆ ತುಂಬ ಒದ್ದೆ ಬಟ್ಟೆಯ ವಾಸನೆ, ಮಧ್ಯಾಹ್ನ ಮೂರಕ್ಕೇ ಕತ್ತಲೆ. ಇಂಥ ಮಳೆಗೆ 30 ಎಂಎಲ್ ಯಾವ ಲೆಕ್ಕ ಅಂತ ಒಂದು ದಿನ ಮೆಷರನ್ನು ತಿರುಗಿಸಿದೆ. 60 ಹಿಡಿಯುವ ಬದಿಯಲ್ಲಿ ಅಳೆದರೂ ಪೆಗ್ ಒಂದೇ ಅಲ್ವಾ? ಗೀಟೂ ಒಂದೇ. ಆಮೇಲೆ ಅಂಚು ಮೀರಿ ಚೆಲ್ಲುವಷ್ಟು ಸುರಿದೆ. ಆಮೇಲೆ ಸೋಮವಾರವೂ ಶನಿವಾರವಾಯಿತು. ಜೂನ್ 27ರ ಸಾಲಿನಲ್ಲಿ ಮಳೆ 3 ಇಂಚು 15 ಸೆಂಟು ಅಂತಿದೆ. ಅಂಚಿನಲ್ಲಿ ಐದು ಗೀಟು. ಜುಲೈ ಪುಟದಲ್ಲಿ ಗೀಟೂ ಇಲ್ಲ, ಮಳೆಯೂ ಇಲ್ಲ. ಅಪ್ಪ ಜ್ವರದಲ್ಲಿ ಮಲಗಿದ್ದಾಗಲೂ ಅಮ್ಮ ಸೊಟ್ಟ ಅಕ್ಷರದಲ್ಲಿ ತುಂಬಿದ್ದ ಪುಸ್ತಕ ಅದು. 41 ದಿನ ಖಾಲಿ. ಆ ಜುಲೈಯಲ್ಲಿ ನಮ್ಮ ತೋಟಕ್ಕೆ ಎಷ್ಟು ಮಳೆ ಬಿತ್ತು ಅಂತ ಈಗ ಯಾರಿಗೂ ಗೊತ್ತಿಲ್ಲ.

ಆಗಸ್ಟಲ್ಲಿ ನಾಚಿಕೆಯಾಗಿ, ಯಾರಿಗೂ ಹೇಳದೆ ಒಂದೇ ಸಲಕ್ಕೆ ನಿಲ್ಲಿಸಿದೆ. ಎರಡನೇ ದಿನ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದೆ. ಮೈಸೂರಿಗೆ ಹೊತ್ತುಕೊಂಡು ಹೋದರು. ಇದನ್ನು ದಯವಿಟ್ಟು ನೆನಪಿಡಿ: ದಿನಾ ಜಾಸ್ತಿ ಕುಡಿಯುವವರು ಹಠಕ್ಕೆ ಬಿದ್ದು ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಡಾಕ್ಟರ ಹತ್ತಿರ ಹೋಗಿ ಮಾತ್ರೆಯ ಆಸರೆಯಲ್ಲಿ ನಿಲ್ಲಿಸಬೇಕು. ಹೋಗೋಕೆ ಮುಜುಗರ ಅನ್ನಿಸಿದರೆ ಮೊದಲು ಕುಡಿತ ಬಿಡಲು ನೆರವಾಗುವ ಸರ್ಕಾರಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಇನ್ನೊಂದು ಮಾತು. ಗಂಡನಿಗೆ ಗೊತ್ತಾಗದ ಹಾಗೆ ಸಾರಲ್ಲಿ ಪುಡಿ ಬೆರೆಸಿ ಕುಡಿತ ಬಿಡಿಸುತ್ತೇವೆ ಅನ್ನುವ ಜಾಹೀರಾತು ನೋಡಿರುತ್ತೀರಿ. ಅದರಲ್ಲಿ ಏನಿರುತ್ತದೋ ದೇವರೇ ಬಲ್ಲ. ಕುಡಿತ ಬಿಡಿಸಲು ಡಾಕ್ಟರು ಕೊಡುವ ಡೈಸಲ್ಫಿರಾಮ್ ಅನ್ನುವ ಮಾತ್ರೆ ತಗೊಂಡವನು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು ಬಿಪಿ ಕುಸಿಯುತ್ತದೆ. ಅದನ್ನು ತಿಳಿದು, ಒಪ್ಪಿ ನುಂಗಬೇಕು. ಕದ್ದು ಕೊಡಬಾರದು.

ಇಷ್ಟು ನನ್ನ ಕಥೆ. ಒಬ್ಬನ ಕಥೆ ಇಟ್ಟುಕೊಂಡು ಊರಿಗೆಲ್ಲ ತೀರ್ಪು ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸೈಕಾಲಜಿ ಓದುತ್ತಿರುವ ಭಾವನ ಮಗಳು ಒಂದು ರಜೆ ಪೂರ್ತಿ ನನ್ನ ಜೊತೆ ಇದರ ಮೇಲೆ ಜಗಳ ಆಡಿದ್ದಾಳೆ. "ಮಾವ, ನೀವು ಎ.ಎ. ಮೀಟಿಂಗಿನ ಮಾತನ್ನೇ ವೇದವಾಕ್ಯ ಮಾಡ್ಕೊಂಡಿದ್ದೀರ" ಅಂತ. ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಕೂಟ. ಅದು 1935ರಲ್ಲಿ ಹುಟ್ಟಿದಾಗಿನಿಂದ ಹೇಳುವುದು ಒಂದೇ: ಮೊದಲ ಗ್ಲಾಸೇ ಬೇಡ. ಅದನ್ನು ಮೊದಲು ಅಲ್ಲಾಡಿಸಿದವರಲ್ಲಿ ಲಂಡನ್ನಿನ ಡಾಕ್ಟರ್ ಡಿ. ಎಲ್. ಡೇವಿಸ್ ಒಬ್ಬರು. ಚಿಕಿತ್ಸೆ ಪಡೆದ 93 ಜನರಲ್ಲಿ 7 ಜನ ವರ್ಷಗಟ್ಟಲೆ ಹಿತಮಿತವಾಗಿ ಕುಡಿಯುತ್ತಿದ್ದಾರೆ ಅಂತ 1962ರಲ್ಲಿ ಬರೆದರು. ದೊಡ್ಡ ಗಲಾಟೆಯಾಯಿತು. ಆ ಏಳು ಜನರನ್ನೇ ಹುಡುಕಿಕೊಂಡು ಹೋದ ಮನೋವೈದ್ಯ ಗ್ರಿಫಿತ್ ಎಡ್ವರ್ಡ್ಸ್ 1985ರಲ್ಲಿ ಉಳಿದ ಕಥೆ ಹೇಳಿದರು. ಐದು ಜನಕ್ಕೆ ಕುಡಿತದ ತೊಂದರೆ ಡೇವಿಸ್ ನೋಡುತ್ತಿದ್ದ ಕಾಲದಲ್ಲೂ ಇತ್ತು, ಆಮೇಲೂ ಇತ್ತು. ಇಬ್ಬರು ಮಾತ್ರ ಕೊನೆಯವರೆಗೂ ಸರಿಯಾಗಿದ್ದರು. ಅವರಲ್ಲೂ ಒಬ್ಬರು ಕುಡಿತಕ್ಕೆ ಪೂರ್ತಿ ದಾಸರಾದವರೇ ಅಲ್ಲ.

ಹಾಗಂತ ಹುಡುಗಿ ಸೋಲಲಿಲ್ಲ. ಅಮೆರಿಕದ ಸಮೀಕ್ಷೆಯೊಂದನ್ನು ತೆಗೆದಳು. 2001-02ರಲ್ಲಿ 43,000ಕ್ಕೂ ಹೆಚ್ಚು ಜನರನ್ನು ಕೇಳಿದ್ದು. ಹಿಂದೊಮ್ಮೆ ಕುಡಿತದ ದಾಸರಾಗಿದ್ದವರಲ್ಲಿ ಶೇ 18ರಷ್ಟು ಜನ ಪೂರ್ತಿ ಬಿಟ್ಟಿದ್ದರು. ಹೆಚ್ಚುಕಡಿಮೆ ಅಷ್ಟೇ ಜನ ಮಿತಿಯಲ್ಲಿ ಕುಡಿಯುತ್ತಾ ಚೆನ್ನಾಗಿದ್ದರು. "ನೋಡಿ ಮಾವ, ಆಗುತ್ತೆ!" ಅಂದಳು. ಆಗುತ್ತೆ, ಒಪ್ಪಿದೆ. ಆದರೆ ಅದೇ ಜನರನ್ನು ಮೂರು ವರ್ಷ ಬಿಟ್ಟು ಮತ್ತೆ ಕೇಳಿದ್ದಾರೆ. ಪೂರ್ತಿ ಬಿಟ್ಟವರಲ್ಲಿ ನೂರಕ್ಕೆ 7 ಜನಕ್ಕೆ ತೊಂದರೆ ಮತ್ತೆ ತಲೆ ಎತ್ತಿತ್ತು. ಮಿತಿಯಲ್ಲಿ ಕುಡಿಯುತ್ತಿದ್ದವರಲ್ಲಿ 27 ಜನಕ್ಕೆ. ಅವಳು ಉಳಿದ 73 ಜನರನ್ನು ನೋಡುತ್ತಾಳೆ. ನಾನು ಆ 27ರಲ್ಲಿ ನಿಂತು ನೋಡುತ್ತೇನೆ. ನಮ್ಮ ಜಗಳ ಇಷ್ಟೇ.

ಆಡ್ರಿ ಕಿಶ್ಲೈನ್ ಅನ್ನುವ ಹೆಂಗಸಿನ ವಿಷಯ ಎತ್ತಿದರೆ ಇಬ್ಬರೂ ಸುಮ್ಮನಾಗುತ್ತೇವೆ. ಮಿತವಾಗಿ ಕುಡಿಯುವುದನ್ನು ಕಲಿಸಲು 1994ರಲ್ಲಿ ಅಮೆರಿಕದಲ್ಲಿ ಸಂಘ ಕಟ್ಟಿದವರು. 2000ದ ಜನವರಿಯಲ್ಲಿ ನನಗೆ ಇದು ಆಗುತ್ತಿಲ್ಲ, ಎ.ಎ.ಗೆ ಹೋಗುತ್ತೇನೆ ಅಂತ ಹೊರಟರು. ಮಾರ್ಚಲ್ಲಿ ಕುಡಿದು ಗಾಡಿ ಓಡಿಸಿ, ಎದುರಿಂದ ಬರುತ್ತಿದ್ದ ಒಬ್ಬ ಅಪ್ಪನನ್ನೂ ಅವನ 12 ವರ್ಷದ ಮಗಳನ್ನೂ ಕೊಂದರು. ಮಿತ ಕುಡಿತದ ಕಡೆಯವರು ಆಗ ಆಕೆ ಎ.ಎ.ಯಲ್ಲಿದ್ದರು ಅನ್ನುತ್ತಾರೆ. ಎ.ಎ. ಕಡೆಯವರು ಸಂಘ ಕಟ್ಟಿದವರೇ ಸೋತರು ಅನ್ನುತ್ತಾರೆ. ಸತ್ತ ಮಗುವನ್ನು ಇಟ್ಟುಕೊಂಡು ಈ ಎಳೆದಾಟ ನನಗೆ ಹಿಡಿಸುವುದಿಲ್ಲ.

ಮಿತವಾಗಿ ಕುಡಿಯಬಲ್ಲವರು ನನ್ನ ಕಣ್ಣೆದುರೇ ಇದ್ದಾರೆ. ನನ್ನ ಚಿಕ್ಕಪ್ಪನ ಮಗ ಬೆಂಗಳೂರಲ್ಲಿ ನಾಲ್ಕು ವರ್ಷ ವಿಪರೀತ ಕುಡಿದ. ಕೆಲಸ ಹೋಯಿತು. ಊರಿಗೆ ಬಂದು ಎರಡು ವರ್ಷ ಬಿಟ್ಟ. ಈಗ ಯಾವಾಗಲೋ ಒಂದು ಬಿಯರ್. ಕಳೆದ ವರ್ಷ ನಮ್ಮ ಜಗಲಿಯಲ್ಲೇ ಕೂತಿದ್ದ. ಒಳಗಿಂದ ಊಟಕ್ಕೆ ಕರೆದರು. ಅರ್ಧ ಬಾಟಲಿ ಹಾಗೇ ಬಿಟ್ಟು ಎದ್ದು ಹೋದ. ಪಂದಿ ಕರಿಗೆ! ಹಿಂದೆ ತಿರುಗಿಯೂ ನೋಡಲಿಲ್ಲ. ನಾನು ಆ ಬಾಟಲಿಯನ್ನೇ ನೋಡುತ್ತಾ ಕೂತೆ. ಅದರ ಮೈಮೇಲಿನ ನೀರ ಹನಿ ಇಳಿದು ಮೇಜಿನ ಮೇಲೆ ಉಂಗುರ ಆಗುವವರೆಗೂ. ಅದನ್ನು ಬಿಟ್ಟು ಹೋಗುವುದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಡಾಕ್ಟರು ನನ್ನನ್ನು ಕೇಳಿದ್ದನ್ನು ಆಮೇಲೆ ಅವನಿಗೂ ಕೇಳಿದೆ. ಬೆಳಿಗ್ಗೆ ಕೈ ನಡುಗುತ್ತಿತ್ತಾ? ಒಂದು ಹಾಕಿದ ಮೇಲೇ ನಿಲ್ಲುತ್ತಿತ್ತಾ? ಬಿಟ್ಟಾಗ ಬೆವರು, ಫಿಟ್ಸ್, ಇಲ್ಲದ್ದು ಕಾಣಿಸುವುದು? ಅವನಿಗೆ ಯಾವುದೂ ಇರಲಿಲ್ಲ. ನನಗೆ ಮುಕ್ಕಾಲು ಪಾಲು ಇತ್ತು. ಇಬ್ಬರನ್ನೂ ಊರವರು ಕರೆದದ್ದು ಕುಡುಕ ಅಂತಲೇ. ಒಂದೇ ಹೆಸರಿನ ಕೆಳಗೆ ಎರಡು ಬೇರೆ ಕಾಯಿಲೆ ಇದ್ದ ಹಾಗೆ. ಅವನಿಗೆ ಒಪ್ಪಿದ್ದನ್ನು ಕಂಡು ನಾನು, ನನಗಾದ್ದನ್ನು ಕಂಡು ಅವನು ನಿರ್ಧಾರ ಮಾಡಿದರೆ ಇಬ್ಬರೂ ಕೆಟ್ಟೆವು.

ನಮ್ಮೂರಿನ ಕಷ್ಟವೇ ಬೇರೆ. ಇಲ್ಲಿ ಕುಡಿತಕ್ಕೆ ಒಂದು ಮರ್ಯಾದೆ ಇದೆ. ಹಿರಿಯರಿಗೆ ಇಡುವ ಎಡೆಯಲ್ಲಿ ಇದೆ, ಮದುವೆಯಲ್ಲಿ ಇದೆ, ರಿಟೈರ್ ಆಗಿ ಬಂದ ಮಾವನ ಮಿಲಿಟರಿ ರಮ್ಮಿನ ಬಾಟಲಿಯಲ್ಲಿ ಪ್ರೀತಿಯೂ ಇದೆ. ನಾನು ಅದನ್ನು ಬೈಯಲಾರೆ. ಆದರೆ ಖಾಲಿ ಗ್ಲಾಸು ಕಂಡರೆ ತುಂಬುವುದೇ ಉಪಚಾರ ಅನ್ನುವ ಕಡೆ ಅಳತೆ ಯಾರದು? "ಶುಗರ್ ಇದೆ" ಅಂದರೆ ಬಿಡುತ್ತಾರೆ. "ಬಿಟ್ಟಿದ್ದೇನೆ" ಅಂದರೆ ಬಿಡುವುದಿಲ್ಲ. "ಒಂದು ಸ್ಮಾಲ್ ತಗೊಳ್ಳಿ ಭಾವ, ಏನೂ ಆಗಲ್ಲ." ನಾನು ಎಷ್ಟೋ ಮದುವೆಗಳಲ್ಲಿ ಇಲ್ಲದ ಶುಗರ್ ಹೇಳಿಕೊಂಡು ಬಂದಿದ್ದೇನೆ. ಆಮೇಲೆ ಸ್ವೀಟ್ ತಿನ್ನುವಾಗ ಸಿಕ್ಕಿಬಿದ್ದಿದ್ದೇನೆ.

ಇನ್ನು ತೋಟದ ಕೆಲಸದವರು ಇರುವ ಲೈನ್ ಮನೆಗಳಲ್ಲಿ ಈ ಚರ್ಚೆಯೇ ಇಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು. ಬಟವಾಡೆ ದಿನ ಸಂಜೆ ಅಲ್ಲಿ ಅಳತೆ ಪ್ಯಾಕೆಟ್ಟಿನದು. 90 ಎಂಎಲ್, 180 ಎಂಎಲ್. ಮಿತವಾಗಿ ಕುಡಿಯುವುದು ಹೇಗೆ ಅಂತ ಯೋಚಿಸುವ ಪುರುಸೊತ್ತು ನಮ್ಮಂಥವರಿಗೆ ಮಾತ್ರ.

ಆ ಪೆಗ್ ಮೆಷರ್ ಈಗಲೂ ಇದೆ. ಗೋದಾಮಿನಲ್ಲಿ, ಸ್ಪ್ರೇ ಡ್ರಮ್ಮಿಗೆ, ಔಷಧಿ ಎಲೆಗೆ ಅಂಟಲು ಬೆರೆಸುವ ಗಮ್ ಅಳೆಯಲು ಇಟ್ಟಿದ್ದೇವೆ. ಮಳೆ ಪುಸ್ತಕದಲ್ಲಿ ಆ 41 ದಿನ ಬಿಟ್ಟರೆ ಎಲ್ಲ ತುಂಬಿದೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದ 2018ರ ಆಗಸ್ಟ್ ಕೂಡ. ಆ ರಾತ್ರಿಗಳಲ್ಲಿ ಕುಡಿಯದೇ ಎಚ್ಚರ ಇದ್ದೆ ಅನ್ನುವುದಷ್ಟೇ ನನ್ನ ಹೆಮ್ಮೆ.

ಸಂತೆಯ ಹುಡುಗನಿಗೆ ಇದನ್ನೆಲ್ಲ ಹೇಳಲಿಲ್ಲ. "ಬೆಳಿಗ್ಗೆ ಕೈ ನಡುಗ್ತಿತ್ತಾ?" ಅಂತ ಮಾತ್ರ ಕೇಳಿದೆ. ಅವನು ಕೈಯಲ್ಲಿದ್ದ ಮೆಣಸಿನ ತೊಟ್ಟು ಮುರಿಯುತ್ತಾ "ಸ್ವಲ್ಪ" ಅಂದ.

"ಒಂದು ಹಾಕಿದ್ರೆ ನಿಲ್ತಿತ್ತಾ?"

"ಹೂಂ."

"ಈ ಎರಡೇ ಎರಡರ ಯೋಚನೆ ಯಾವಾಗಿಂದ?"

ಅವನು ನಕ್ಕುಬಿಟ್ಟ. "ಕೈಲ್ ಮುಹೂರ್ತದಿಂದ ಅಣ್ಣ."

ಕೈಲ್ ಮುಹೂರ್ತ ನಮ್ಮ ಆಯುಧ ಪೂಜೆಯ ಹಬ್ಬ, ಸೆಪ್ಟೆಂಬರ್ ಮೊದಲ ವಾರ. ಬೆರಳು ಮಡಚಿ ಲೆಕ್ಕ ಹಾಕಿದೆ. ಅವನೂ ಹಾಕಿದ.

ಪುತ್ತರಿ ದಿನ ಕದಿರು ತೆಗೆದ ಮೇಲೆ ನಮ್ಮ ಮನೆಗೆ ಬಾ, ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಾ ಅಂದೆ. ತಂಬಿಟ್ಟು ಇರುತ್ತೆ, ಗೆಣಸು ಇರುತ್ತೆ, ನಮ್ಮ ಮನೆಯಲ್ಲಿ ಗ್ಲಾಸು ತುಂಬುವವರು ಯಾರೂ ಇಲ್ಲ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. "ಮನೇಲಿ ಕೇಳಿ ಹೇಳ್ತೀನಿ" ಅಂತ ಹೇಳಿ, ಆರಿಸಿದ ಮೆಣಸನ್ನೆಲ್ಲ ನನ್ನ ಚೀಲಕ್ಕೇ ಹಾಕಿ ಹೋದ.