ರೆಡ್ ಕ್ರಾಸ್ ಗುರುತು: ಅನುಮತಿ ಇಲ್ಲದೆ ಬಳಸಿದವರ ಮೇಲೆಲ್ಲ ಕಾನೂನು ಕ್ರಮ ಬೇಕೇ?

ಪರ: ಒಂದು ಗುರುತಿಗೆ ಒಂದೇ ಅರ್ಥ ಇರಲಿ

ಬಿಳಿ ಹಿನ್ನೆಲೆಯ ಕೆಂಪು ಕ್ರಾಸ್ ಕಂಡರೆ ಅಲ್ಲಿ ಡಾಕ್ಟರು ಇದ್ದಾರೆ, ಔಷಧಿ ಸಿಗುತ್ತದೆ ಎಂದುಕೊಳ್ಳುವವರೇ ಹೆಚ್ಚು. ಎಡವಟ್ಟು ಶುರುವಾಗುವುದೇ ಅಲ್ಲಿಂದ. ಬಂದೂಕು ಹಿಡಿದವನು ದೂರದಿಂದಲೇ ನೋಡಿ ಕೈ ತಡೆಯಲಿ ಎಂದು ಹುಟ್ಟಿದ ಗುರುತು ಇದು.

ಇದಕ್ಕೆ ಮೊದಲು ಗಾಯಾಳುಗಳ ಬಿಡಾರದ ಮೇಲೆ ಆಸ್ಟ್ರಿಯಾದವರು ಬಿಳಿ ಬಾವುಟ ಹಾರಿಸುತ್ತಿದ್ದರು, ಫ್ರೆಂಚರು ಕೆಂಪು, ಸ್ಪೇನಿನವರು ಹಳದಿ. ತನ್ನ ಕಡೆಯ ಬಾವುಟ ಗೊತ್ತಿದ್ದ ಸೈನಿಕನಿಗೆ ಎದುರಾಳಿಯದು ಗೊತ್ತಿರುತ್ತಿರಲಿಲ್ಲ. 1859ರಲ್ಲಿ ಇಟಲಿಯ ಸೋಲ್ಫೆರಿನೊ ಕದನದ ಗಾಯಾಳುಗಳ ಪಾಡನ್ನು ಕಣ್ಣಾರೆ ಕಂಡ ಸ್ವಿಟ್ಜರ್ಲೆಂಡಿನ ಹೆನ್ರಿ ಡ್ಯುನಾಂಟ್ ಎಬ್ಬಿಸಿದ ಕೂಗಿನ ಫಲವಾಗಿ 1864ರ ಜಿನೀವಾ ಒಪ್ಪಂದ ಎಲ್ಲ ಸೇನೆಗಳಿಗೂ ಒಂದೇ ಗುರುತು ಕೊಟ್ಟಿತು. ರೆಡ್ ಕ್ರೆಸೆಂಟ್ (ಕೆಂಪು ಅರ್ಧಚಂದ್ರ) ಆಮೇಲೆ ಬಂತು, ರೆಡ್ ಕ್ರಿಸ್ಟಲ್ (ವಜ್ರಾಕಾರದ ಕೆಂಪು ಚೌಕಟ್ಟು) 2005ರಲ್ಲಿ. ಮೂರಕ್ಕೂ ಒಂದೇ ಮಾನ್ಯತೆ.

1949ರ ನಾಲ್ಕು ಜಿನೀವಾ ಒಪ್ಪಂದಗಳಲ್ಲಿ ಮೊದಲನೆಯದು ಈ ವಿಷಯದಲ್ಲಿ ಬಲು ಬಿಗಿ. ರಾಷ್ಟ್ರೀಯ ರೆಡ್ ಕ್ರಾಸ್ ಸಂಸ್ಥೆಯೇ ಆದರೂ ಬರೀ ತನ್ನ ಗುರುತಿಗಾಗಿ ಬಳಸುವಾಗ ಕ್ರಾಸ್ ಚಿಕ್ಕದಾಗಿರಬೇಕು. ತೋಳಪಟ್ಟಿಯ ಮೇಲಾಗಲಿ ಕಟ್ಟಡದ ಚಾವಣಿಯ ಮೇಲಾಗಲಿ ಇರಕೂಡದು. ಚಾವಣಿಯ ಮೇಲಿನದು ವಿಮಾನಕ್ಕೆ ಕಾಣುತ್ತದಲ್ಲ, ಆ ಜಾಗ ಯುದ್ಧಕಾಲದ ರಕ್ಷಣೆಗೆ ಮೀಸಲು. ಸಂಸ್ಥೆಗೇ ಇಷ್ಟು ಕಟ್ಟುಪಾಡು ಇರುವಾಗ ಪ್ರಥಮ ಚಿಕಿತ್ಸೆಯ ಡಬ್ಬಿ ಮಾರುವವನಿಗೆ ವಿನಾಯಿತಿ ಯಾಕೆ? ಯುದ್ಧವಿರಲಿ ಶಾಂತಿಯಿರಲಿ, ಖಾಸಗಿಯವರು ಈ ಗುರುತನ್ನಾಗಲಿ ಇದರ ನಕಲನ್ನಾಗಲಿ ಬಳಸಬಾರದು ಎನ್ನುತ್ತದೆ ಅದೇ ಒಪ್ಪಂದದ 53ನೇ ವಿಧಿ.

2008ರ ಜುಲೈಯಲ್ಲಿ ಕೊಲಂಬಿಯಾ ಸೇನೆ ಫಾರ್ಕ್ ಬಂಡುಕೋರರ ಸೆರೆಯಲ್ಲಿದ್ದ 15 ಮಂದಿ ಒತ್ತೆಯಾಳುಗಳನ್ನು ಒಂದು ಗುಂಡೂ ಹಾರಿಸದೆ ಬಿಡಿಸಿಕೊಂಡು ಬಂತು. ಸೈನಿಕರು ಹೋದದ್ದು ಮಾನವೀಯ ನೆರವಿನವರ ವೇಷದಲ್ಲಿ. ಒಬ್ಬನ ಮೈಮೇಲೆ ರೆಡ್ ಕ್ರಾಸ್ ಗುರುತೂ ಇತ್ತು. ಅಧ್ಯಕ್ಷ ಉರಿಬೆ ಅದನ್ನು ಒಪ್ಪಿಕೊಂಡು ವಿಷಾದಿಸಿದರು. ಜೀವ ಉಳಿಯಿತಲ್ಲ, ಏನು ತಪ್ಪು ಎನ್ನಬಹುದು. ಆದರೆ ಅದೇ ಕಾಡಿಗೆ ಮುಂದೊಮ್ಮೆ ಅಸಲಿ ರೆಡ್ ಕ್ರಾಸ್ ಹೆಲಿಕಾಪ್ಟರ್ ಇಳಿದಾಗ ಕೆಳಗಿರುವ ಬಂಡುಕೋರ ಏನೆಂದುಕೊಳ್ಳಬೇಕು? ಒಳ್ಳೆಯ ಉದ್ದೇಶದ ದುರ್ಬಳಕೆಗೂ ಬೆಲೆ ತೆರುವವರು ಇದ್ದೇ ಇರುತ್ತಾರೆ, ಬಳಸಿದವರು ಮಾತ್ರ ಅಲ್ಲ. 2003ರ ಅಕ್ಟೋಬರ್‌ನಲ್ಲಿ ಬಾಗ್ದಾದಿನ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಕಚೇರಿಯ ಮುಂದೆ ಸ್ಫೋಟಿಸಿದ್ದು ಒಂದು ಆಂಬುಲೆನ್ಸ್. ಆಮೇಲೆ ತಪಾಸಣಾ ಠಾಣೆಗೆ ಬರುವ ಪ್ರತಿ ಆಂಬುಲೆನ್ಸೂ ಸಂಶಯಕ್ಕೆ ಗುರಿ.

ಇದಕ್ಕೂ ಅಂಗಡಿ ಬೋರ್ಡಿಗೂ ಏನು ಸಂಬಂಧ ಎಂದರೆ, ಸೈನಿಕ ಹುಟ್ಟಾ ಸೈನಿಕನಲ್ಲ. ಇಪ್ಪತ್ತು ವರ್ಷ ಆ ಗುರುತನ್ನು ಮಾರಾಟದ ಸರಕಿನ ಮೇಲೆ ನೋಡಿ ಬೆಳೆದವನಿಗೆ ಎರಡು ದಿನದ ತರಬೇತಿಯಲ್ಲಿ ಬೇರೆ ಅರ್ಥ ಕಲಿಸುವುದು ಸುಲಭವಲ್ಲ. ಬದಲಿ ಗುರುತಿಗೇನು ಬರವೇ? ಹಸಿರು ನೆಲದ ಬಿಳಿ ಕ್ರಾಸ್ ಇದೆ, ಆಂಬುಲೆನ್ಸುಗಳಿಗೆ ಆರು ಮೂಲೆಯ ನೀಲಿ ನಕ್ಷತ್ರ ಇದೆ.

ವಿರೋಧ: ಕಳ್ಳನನ್ನು ಬಿಟ್ಟು ದಾರಿಹೋಕನ ಮೇಲೆ ಕೇಸು

ಯುದ್ಧದಲ್ಲಿ ಈ ಗುರುತಿನ ಮರೆಯಲ್ಲಿ ದಾಳಿ ಮಾಡುವುದು ಘೋರ ಅಪರಾಧ. ಇದರಲ್ಲಿ ಜಗಳವಿಲ್ಲ. ಅದರ ಹೆಸರು ಹೇಳಿಕೊಂಡು ಚಂದಾ ಎತ್ತುವವನೂ ಜೈಲಿಗೆ ಹೋಗಲಿ. ನನ್ನ ತಕರಾರು ಇರುವುದು ಉಳಿದವರ ಬಗ್ಗೆ.

2017ರಲ್ಲಿ ‘ಪ್ರಿಸನ್ ಆರ್ಕಿಟೆಕ್ಟ್’ ಎಂಬ ಕಂಪ್ಯೂಟರ್ ಆಟದ ತಯಾರಕರಿಗೆ ಬ್ರಿಟಿಷ್ ರೆಡ್ ಕ್ರಾಸ್‌ನಿಂದ ಪತ್ರ ಬಂತು. ಆಟದೊಳಗಿನ ಆಂಬುಲೆನ್ಸಿನ ಮೇಲೆ ಕೆಲವೇ ಪಿಕ್ಸೆಲ್ ಅಗಲದ ಕೆಂಪು ಕ್ರಾಸ್ ಇದೆ, ಅದು 1957ರ ಬ್ರಿಟಿಷ್ ಜಿನೀವಾ ಒಪ್ಪಂದಗಳ ಕಾಯ್ದೆಗೆ ವಿರುದ್ಧ ಎಂದು. ಅವರು ಬಣ್ಣ ಬದಲಿಸಿ ಹಸಿರು ಮಾಡಿದರು. ಸರಿ, ಇದರಿಂದ ಯಾವ ರಣರಂಗದಲ್ಲಿ ಯಾವ ದಾದಿಯ ಜೀವ ಉಳಿಯಿತು?

ಇನ್ನೊಂದು ಕಡೆ ನೋಡಿ. ಜಾನ್ಸನ್ ಅಂಡ್ ಜಾನ್ಸನ್ 1887ರಲ್ಲೇ ತನ್ನ ಸರಕಿನ ಮೇಲೆ ಕೆಂಪು ಕ್ರಾಸ್ ಹಾಕತೊಡಗಿತು. ಅಮೆರಿಕದ ಕಾನೂನು 1905ಕ್ಕೆ ಮೊದಲಿನ ಬಳಕೆದಾರರನ್ನು ಮುಟ್ಟುವುದಿಲ್ಲ. ಸಾಲದ್ದಕ್ಕೆ 2007ರಲ್ಲಿ ಆ ಕಂಪನಿಯೇ ಅಮೆರಿಕನ್ ರೆಡ್ ಕ್ರಾಸ್ ಮೇಲೆ ಮೊಕದ್ದಮೆ ಹೂಡಿತು, ಗುರುತನ್ನು ಸರಕು ಮಾರಲು ಬೇರೆಯವರಿಗೆ ಕೊಟ್ಟಿದ್ದೀರಿ ಎಂದು! ಮರುವರ್ಷ ನ್ಯಾಯಾಲಯ ಮುಖ್ಯ ವಾದವನ್ನು ತಳ್ಳಿಹಾಕಿತು, ಆಮೇಲೆ ರಾಜಿಯಾಯಿತು. ಹಳೆಯ ದೊಡ್ಡ ಕಂಪನಿಯ ಸರಕಿನ ಮೇಲಿನ ಕ್ರಾಸಿನಿಂದ ಸೈನಿಕನಿಗೆ ಗೊಂದಲವಿಲ್ಲ, ನಿನ್ನೆ ಮೊನ್ನೆಯ ಪುಟ್ಟ ಆಟದಿಂದ ಗೊಂದಲ ಎಂದರೆ ನಂಬುವುದು ಹೇಗೆ?

ಅರ್ಥ ಸವೆದುಹೋಗುತ್ತದೆ ಎಂಬುದೇ ಪರ ವಾದದ ಜೀವಾಳ. ಆದರೆ ಆಸ್ಪತ್ರೆಗಳ ಮೇಲೆ ಬಾಂಬು ಬಿದ್ದದ್ದು ಅರ್ಥ ಗೊತ್ತಿಲ್ಲದೆಯೇ? 1996ರ ಡಿಸೆಂಬರ್‌ನಲ್ಲಿ ಚೆಚೆನ್ಯಾದ ನೋವಿ ಅತಾಗಿಯಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್‌ನದೇ ಆಸ್ಪತ್ರೆಗೆ ನುಗ್ಗಿ ಆರು ಮಂದಿಯನ್ನು ಕೊಂದರು. ಕೊಂದವರಿಗೆ ಅದು ಯಾರ ಆಸ್ಪತ್ರೆ ಎಂಬ ಅನುಮಾನವೇ ಇರಲಿಲ್ಲ. 2015ರ ಅಕ್ಟೋಬರ್‌ನಲ್ಲಿ ಆಫ್ಘಾನಿಸ್ತಾನದ ಕುಂದುಜ್‌ನಲ್ಲಿ ಮೆಡ್‌ಸಾನ್ ಸಾನ್ ಫ್ರಾಂಟಿಯೇರ್ (ಗಡಿಗಳಿಲ್ಲದ ವೈದ್ಯರು) ಸಂಸ್ಥೆಯ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ಮಾಡಿ 42 ಮಂದಿ ಸತ್ತರು. ಕಟ್ಟಡ ಎಲ್ಲಿದೆ ಎಂಬ ಜಿಪಿಎಸ್ ವಿವರವನ್ನು ಸಂಸ್ಥೆ ಮೊದಲೇ ಕೊಟ್ಟಿತ್ತು.

ಇನ್ನೊಂದು ಮಾತು ವಾದದ ಭರಾಟೆಯಲ್ಲಿ ಮರೆತುಹೋಗುತ್ತದೆ. ಆಸ್ಪತ್ರೆಗೆ ರಕ್ಷಣೆ ಕೊಡುವುದು ಗುರುತಲ್ಲ, ಅದು ಆಸ್ಪತ್ರೆ ಎಂಬ ಸಂಗತಿ. ಗುರುತು ಅದನ್ನು ಕಾಣಿಸುತ್ತದೆ, ಅಷ್ಟೇ. ಗುರುತಿಲ್ಲದ ಆಸ್ಪತ್ರೆ ಎಂದು ಗೊತ್ತಿದ್ದೂ ಹೊಡೆದರೆ ಅದೂ ಯುದ್ಧಾಪರಾಧವೇ.

ಹಾಗಾದರೆ ಆಟದವನಿಗೆ, ಅಂಗಡಿಯವನಿಗೆ ಏನೂ ಹೇಳಬಾರದೇ? ಹೇಳಲಿ. ಒಂದು ಪತ್ರ ಸಾಕು, ಬಹುತೇಕರು ತಾವಾಗಿಯೇ ಬದಲಿಸುತ್ತಾರೆ. ಅದರ ಹಿಂದೆ ಶಿಕ್ಷೆಯ ಬೆದರಿಕೆ ಬೇಡ. 2017ರಲ್ಲೇ ‘ಆರ್ಮಾ 3’ ಆಟದ ತಯಾರಕರು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಜೊತೆ ಸೇರಿ ಯುದ್ಧದ ನಿಯಮಗಳ ಬಗ್ಗೆಯೇ ಆಟದ ಹೊಸ ಭಾಗವೊಂದನ್ನು ತಂದರು. ಆಡುವ ಹುಡುಗರಿಗೆ ಆ ಗುರುತಿನ ಅರ್ಥ ತಿಳಿಯಬೇಕೆಂದರೆ ಇಂಥ ಕೆಲಸ ಇನ್ನಷ್ಟು ನಡೆಯಲಿ, ವಕೀಲರ ಶುಲ್ಕಕ್ಕೆ ಹೋಗುವ ಹಣದಲ್ಲೇ.